ಒಲೆ ಮೇಡಂ ಉಪ್ಪು ಹುಡುಕಿದ್ದು

ನೆರವು ಕಚೇರಿಯ ಸಿಬ್ಬಂದಿ ಪಟ್ಟಿಯಲ್ಲಿ ಅವರ ಹುದ್ದೆ 'ಕುಟುಂಬ ಪರಿಶೀಲನಾ ಸಹಾಯಕಿ, ದರ್ಜೆ ಎರಡು' ಎಂದಿತ್ತು. ಅಷ್ಟುದ್ದ ಕರೆಯಲು ಯಾರಿಗೆ ಪುರುಸೊತ್ತು? ಅವರು ಕಾಲಿಟ್ಟ ಓಣಿಗಳಲ್ಲೆಲ್ಲ ಅವರು ಒಲೆ ಮೇಡಂ.

ಹೆಸರು ಸುಮ್ಮನೆ ಬಂದದ್ದಲ್ಲ. ಕಡಿಮೆ ಆದಾಯದ ಮನೆಗಳಿಗೆ ರಾಜ್ಯ ಸರ್ಕಾರ ಒಂದು ಕಾರ್ಡು ಕೊಡುತ್ತದೆ. ಅದಿದ್ದರೆ ತಿಂಗಳಿಗೆ ಇಷ್ಟು ಧಾನ್ಯ, ಕೈಗೆ ಇಷ್ಟು ಸಹಾಯಧನ, ಮಕ್ಕಳಿಗೆ ಶಾಲೆ ಫೀಸು ಮಾಫಿ. ಆದರೆ ಮನೆ ಅಂದರೆ ಯಾವುದು ಎಂಬ ಪ್ರಶ್ನೆಗೆ ಸರ್ಕಾರ ಅರ್ಜಿಯ ನಾಲ್ಕನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಉತ್ತರ ಕೊಟ್ಟಿದೆ: ಒಂದು ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರೆಲ್ಲ ಒಂದು ಮನೆ. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಎರಡು ಮನೆ. ಅರ್ಜಿ ಹಾಕಿದವರ ಒಲೆ ನಿಜಕ್ಕೂ ಉರಿಯುತ್ತದೆಯೋ ಇಲ್ಲವೋ ಎಂದು ಹೋಗಿ ನೋಡಿ ಬರೆಯುವುದು ಒಲೆ ಮೇಡಂ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದರು.

ಓಣಿಯ ಜನರೇನು ದಡ್ಡರೇ? ಎರಡನೇ ಒಲೆ ಇಲ್ಲದಿದ್ದರೆ ಪಕ್ಕದವರದ್ದು ತಂದಿಡುತ್ತಿದ್ದರು. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಹಸಿರು ನಾಬಿನ ಒಂಟಿ ಬರ್ನರ್ ಒಲೆಯೊಂದಿತ್ತು. ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಚಿದ ರಟ್ಟು. ಒಲೆ ಮೇಡಂ ಮೊದಲನೇ ಮನೆಯಲ್ಲಿ ವರದಿ ಬರೆಯುತ್ತಿರುವಾಗಲೇ ಅದು ಹಿತ್ತಲಿನಿಂದ ಹಿತ್ತಲಿಗೆ ಹೋಗಿ ನಾಲ್ಕನೇ ಮನೆಯಲ್ಲಿ ಸಜ್ಜಾಗಿ ಕೂತಿರುತ್ತಿತ್ತು. "ಇದು ನಮ್ಮ ಕಚೇರಿಯ ಜೀಪಿಗಿಂತ ಜಾಸ್ತಿ ಓಡಾಡಿದೆ," ಎಂದು ಒಲೆ ಮೇಡಂ ಒಮ್ಮೆ ಅದರ ತಲೆ ಸವರಿ ಹೇಳಿದ್ದರು.

ಹಾಗಾಗಿ ಅವರು ಒಲೆ ನೋಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವರು ನೋಡುತ್ತಿದ್ದದ್ದು ಉಪ್ಪನ್ನು.

ಈ ಉಪಾಯ ಅವರಿಗೆ ಯಾವ ತರಬೇತಿಯಲ್ಲೂ ಸಿಕ್ಕಿದ್ದಲ್ಲ, ತರಬೇತಿಗೆ ಹೋಗಿದ್ದಾಗ ಸಿಕ್ಕಿದ್ದು. ಮೂರು ದಿನ ದೂರದ ಊರಿನಲ್ಲಿ ಇರಬೇಕಾಗಿತ್ತು. ಮೊದಲ ದಿನಕ್ಕೆ ಬೇಯಿಸಿಟ್ಟು, ಎರಡನೇ ದಿನಕ್ಕೆ ಹೆಚ್ಚಿಟ್ಟು, ಮೂರನೇ ದಿನಕ್ಕೆ ಚೀಟಿ ಬರೆದಿಟ್ಟು ಹೋಗಿದ್ದರು. ಎರಡನೇ ದಿನ ಮಧ್ಯಾಹ್ನ ಗಂಡನ ಫೋನು.

"ಏನೇ, ಉಪ್ಪು ಎಲ್ಲಿಟ್ಟಿದೀಯ?"

ಅದೇ ಮನೆಯಲ್ಲಿ ಹದಿನೆಂಟು ವರ್ಷ ಮೂರು ಹೊತ್ತೂ ಉಂಡ ಮನುಷ್ಯ. ಉಪ್ಪು ಒಲೆಯ ಬಲಕ್ಕೆ, ಕಣ್ಣೆದುರಿಗೇ, ನೀಲಿ ಮುಚ್ಚಳದ ಡಬ್ಬಿಯಲ್ಲಿತ್ತು. ಫೋನಿಟ್ಟ ಮೇಲೆ ಒಲೆ ಮೇಡಂ ತರಬೇತಿಯ ಉಳಿದ ಪಾಠ ಒಂದಕ್ಷರವೂ ಕೇಳಲಿಲ್ಲ. ಬೇಯಿಸುವವರಿಗೆ ಉಪ್ಪಿನ ಜಾಗ ಕೈಗೇ ಗೊತ್ತಿರುತ್ತದೆ, ಕಣ್ಣು ಬೇಕಿಲ್ಲ. ಬೇಯಿಸದವರ ಪಾಲಿಗೆ ಉಪ್ಪು ಅನ್ನದೊಳಗೇ ಹುಟ್ಟುತ್ತದೆ. ಒಲೆ ಎರವಲು ತರುವವರಿಗೆ ಉಪ್ಪು ನೆನಪಾಗುವುದಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ.

ಆ ದಿನವೂ ಅದನ್ನೇ ಕೇಳಲು ಡಿಪೋ ಹಿಂದಿನ ಓಣಿಯ ಕೊನೆಯ ಮನೆಗೆ ಬಂದಿದ್ದರು. ಮನೆ ಒಬ್ಬ ನಿವೃತ್ತ ಬಸ್ ಡ್ರೈವರದು. ಅರ್ಜಿ ಅವನ ಸೊಸೆಯದು. ಗಂಡ ಕೆಲಸ ಹುಡುಕಿಕೊಂಡು ಹೋದವನು ಮೂರು ವರ್ಷದಿಂದ ಪತ್ತೆಯಿಲ್ಲ. ಅವಳೂ ಒಂಬತ್ತು ವರ್ಷದ ಮಗಳೂ ಹಿಂದಿನ ಕೋಣೆಯಲ್ಲಿದ್ದರು. ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹಾಕಿಕೊಡುವುದು ಅವಳ ಸಂಪಾದನೆ. ಮಾವನ ಪಿಂಚಣಿ ಮಾತ್ರ ಸರ್ಕಾರದ ಮಿತಿಗಿಂತ ಒಂದು ಕೂದಲೆಳೆ ಮೇಲೆ. ಅವಳು ಮಾವನ ಮನೆಯವಳು ಎಂದಾದರೆ ಕಾರ್ಡಿಲ್ಲ, ಬೇರೆ ಮನೆಯವಳು ಎಂದಾದರೆ ಉಂಟು.

"ಬನ್ನಿ ಮೇಡಂ, ಬನ್ನಿ! ಇಗೋ ನಮ್ಮ ಸೊಸೆ ಸಂಸಾರ. ಪೂರ್ತಿ ಬೇರೆ. ಒಲೆ ನೋಡ್ಕೊಂಬಿಡಿ," ಎಂದು ಡ್ರೈವರು ಹಿಂದಿನ ಕೋಣೆಯ ಪರದೆಯನ್ನು, ಉದ್ಘಾಟನೆಗೆ ಬಂದ ಗಣ್ಯರಂತೆ, ಸರ್ರನೆ ಸರಿಸಿದ.

ಒಲೆ ಮೇಡಂ ಒಲೆಯ ಮುಖ ನೋಡಿದರು. ಹಸಿರು ನಾಬು, ಕಾಲ ಕೆಳಗೆ ರಟ್ಟು. ಆ ವಾರದಲ್ಲಿ ಆ ಒಲೆಯ ಜೊತೆ ಇದು ಮೂರನೇ ಭೇಟಿ.

"ಅಮ್ಮಾ, ಉಪ್ಪು ಎಲ್ಲಿದೆ?"

ಸೊಸೆಯ ಬಲಗೈ ತಾನಾಗಿ ಮೇಲೆದ್ದಿತು. ಎದೆಯೆತ್ತರದಲ್ಲಿ, ಇಲ್ಲದ ಒಂದು ಹಲಗೆಯತ್ತ ಹೋಗಿ, ಗಾಳಿಯಲ್ಲೇ ನಿಂತುಬಿಟ್ಟಿತು. ಅವಳ ಮುಖ ಕೆಂಪಾಯಿತು.

"ಉಪ್ಪಾ? ಈಗಷ್ಟೇ ಮುಗೀತು ಮೇಡಂ," ಎಂದ ಡ್ರೈವರು.

"ಎಣ್ಣೆ?"

"ಅದೂ ಮುಗೀತು."

"ಬೆಂಕಿಪೊಟ್ಟಣ?"

"ಎಲ್ಲಾ ಒಟ್ಟಿಗೇ ಮುಗೀತು ನೋಡಿ! ಬಡತನ ಮೇಡಂ, ಬಡತನ."

ಒಲೆ ಮೇಡಂ ಮುಂದಿನ ಅಡುಗೆಮನೆಗೆ ನಡೆದರು. ಅಲ್ಲಿ ಒಲೆಯ ಬಲಕ್ಕೆ, ಎದೆಯೆತ್ತರದಲ್ಲಿ, ಹಲಗೆಯಿತ್ತು. ಹಲಗೆಯ ಮೇಲೆ ಐದಾರು ಡಬ್ಬಿ. ಒಲೆ ಮುಂದಿನ ನೆಲ ಎರಡು ಪಾದದಷ್ಟಗಲ ಸವೆದು ಹೊಳೆಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಡ್ರೈವರನ ಹೆಂಡತಿ, ಒಂದು ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಇಲ್ಲಿ ಬೇಯಿಸೋದು ಯಾರು?" ಎಂದು ಒಲೆ ಮೇಡಂ ಕೇಳಿದರು.

"ಬೇಯಿಸೋದೇನು ಬಂತು ಮೇಡಂ, ಸೊಸೆಗೂ ಮಗೂಗೂ ನಾವೇ ಊಟ ಹಾಕ್ತಿರೋದು," ಎಂದುಬಿಟ್ಟ ಡ್ರೈವರು, ತಾನೇ ಹೆಣೆದ ಕಥೆ ಮರೆತು.

"ಹಾಕೋದು ಯಾರು? ಸೌಟು ಹಿಡಿದು?"

"ಅದು... ಅವಳೇ."

"ಪಾತ್ರೆ ತೊಳೆಯೋದು?"

"ಅವಳೇ ಅನ್ನಿ."

"ಮತ್ತೆ ನೀವು ಹಾಕೋದು ಏನು?"

"ಸಾಮಾನು ಯಾರು ತರೋದು ಮೇಡಂ? ನಾನೇ ತಾನೆ!"

"ಚೀಟಿ ಬರೆದುಕೊಟ್ರೆ," ಎಂದಳು ಹೆಂಡತಿ, ಆಲೂಗೆಡ್ಡೆಯಿಂದ ಕಣ್ಣೆತ್ತದೆ. "ಚೀಟಿ ಇದ್ರೂ ಎರಡು ಮರೀತಾರೆ."

ವಿಷಯ ಬಯಲಾಯಿತು. ಡ್ರೈವರನಿಗೆ ಕಾರ್ಡಿನ ಧಾನ್ಯ ಬೇಕಿತ್ತು, ಅಡುಗೆಯವಳೂ ಬೇಕಿತ್ತು. ಒಲೆಯನ್ನು ತಂದಿಟ್ಟವನೂ ಅವನೇ.

"ಮೇಡಂ," ಎಂದಳು ಹೆಂಡತಿ, ಚಾಕು ಕೆಳಗಿಟ್ಟು. "ಎಷ್ಟು ದಿನ ಬೇರೆ ಬೇಯಿಸ್ಕೊಂಡ್ರೆ ಬೇರೆ ಮನೆ ಅಂತ ಬರ್ಕೋತೀರಿ?"

"ದಿನದ ಲೆಕ್ಕ ಇಲ್ಲಮ್ಮ. ನಾನು ಬಂದಾಗ ನಿಜವಾಗಿ ಬೇರೆ ಇರ್ಬೇಕು. ಯಾವತ್ತು ಬರ್ತೀನಿ ಅಂತ ಹೇಳಲ್ಲ."

"ನಾನಿರೋ ತನಕ ಈ ಮನೇಲಿ ಉರಿಯೋದು ಒಂದೇ ಒಲೆ," ಎಂದು ಡ್ರೈವರು ಎದೆ ತಟ್ಟಿಕೊಂಡ.

"ಅದನ್ನ ಮೊದಲೇ ಹೇಳಿದ್ರೆ ಆ ಹಸಿರು ಒಲೇನ ಇಷ್ಟು ದೂರ ನಡೆಸೋದು ತಪ್ತಿತ್ತು," ಎಂದು ಒಲೆ ಮೇಡಂ ಚೀಲ ಎತ್ತಿಕೊಂಡರು.

ಸೊಸೆ ಗೇಟಿನವರೆಗೂ ಓಡಿಬಂದಳು. ಕೈಯಲ್ಲಿ ಇನ್ನೂ ಸೂಜಿ ದಾರ.

"ರದ್ದು ಮಾಡ್ಬಿಟ್ರಾ ಮೇಡಂ?"

"ಸುಳ್ಳು ಒಲೆಗೆ ಏನು ಬರೀಲಮ್ಮ?"

"ನನಗೆ ಧಾನ್ಯದ ಆಸೆ ಇಲ್ಲ ಮೇಡಂ. ಮಗಳ ಫೀಸಿಗೆ ಮುಂದಿನ ತಿಂಗಳು ಐದು ಕೊನೆ ದಿನ. ಕಟ್ಟದಿದ್ರೆ ಹೆಸರು ತೆಗೀತಾರೆ. ಮಾವ ಅಂತಾರೆ, ನಾಲ್ಕನೇ ಕ್ಲಾಸು ಆಯ್ತಲ್ಲ, ಸಾಕು, ಮನೇಲಿ ಕೈಗಾಗ್ತಾಳೆ ಅಂತ."

ಒಲೆ ಮೇಡಂ ತಿರುಗಿ ನೋಡಿದರು. ಹಿಂದಿನ ಕೋಣೆಯ ಹೊಸ್ತಿಲಲ್ಲಿ ಹುಡುಗಿ ಪುಸ್ತಕ ಮಡಿಲಲ್ಲಿಟ್ಟುಕೊಂಡು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರ್ಪಡಿಸುತ್ತಿದ್ದಳು. ಮುಂದಿನ ಅಡುಗೆಮನೆಯ ಆ ಸವೆದ ನೆಲ ಅವರ ಕಣ್ಣಿಗೆ ಕಟ್ಟಿತು. ಇನ್ನೊಂದು ಜೊತೆ ಪಾದಕ್ಕೆ ಅಲ್ಲಿ ಜಾಗ ಸಿದ್ಧವಾಗಿತ್ತು.

"ಮರುಪರಿಶೀಲನೆ ಅಂತ ಬರೀತೀನಿ," ಎಂದರು. "ಮೂವತ್ತು ದಿನ ಟೈಮು. ಅಷ್ಟರೊಳಗೆ ಆಗ್ಲಿಲ್ಲ ಅಂದ್ರೆ ಒಂದು ವರ್ಷ ಅರ್ಜಿ ಹಾಕೋ ಹಾಗಿಲ್ಲ. ಒಲೆ ಎಲ್ಲಾದ್ರೂ ಸಿಗುತ್ತೆ ತಾಯಿ. ಆ ಕಡೆ ಒಲೆ ಬಿಟ್ಟು ಬರೋಕೆ ಆಗುತ್ತಾ, ಅದನ್ನ ನೋಡು."

"ಅತ್ತೆಗೆ ಮೊಣಕಾಲು..."

"ಮಾವನಿಗೂ ಮೊಣಕಾಲು ನೋವಾ?"

ಅವಳು ತಿರುಗಿ ಮುಂದಿನ ಅಡುಗೆಮನೆಯತ್ತ ನೋಡಿದಳು. ಆ ಪ್ರಶ್ನೆಯನ್ನು ಅವಳಿಗೆ ಅದುವರೆಗೆ ಯಾರೂ ಕೇಳಿರಲಿಲ್ಲವೇನೋ.

ಕಚೇರಿಯಲ್ಲಿ ಹೊಸದಾಗಿ ಬಂದ ಸೂಪರಿಂಟೆಂಡೆಂಟು ಚುರುಕಿನ ಹುಡುಗ, ಒಲೆ ಮೇಡಂಗಿಂತ ಇಪ್ಪತ್ತು ವರ್ಷ ಚಿಕ್ಕವನು. ಬಾಕಿ ಫೈಲೆಂದರೆ ಅವನಿಗೆ ಹಲ್ಲುನೋವಿನಂತೆ. "ಇದನ್ನ ಮುಗಿಸಿಬಿಡಿ ಮೇಡಂ," ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. "ಒಲೆ ಇದ್ರೆ ಇದೆ, ಇಲ್ದಿದ್ರೆ ಇಲ್ಲ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಒಲೆ ಮೇಡಂ "ಹೂಂ ಸರ್" ಎಂದು ಫೈಲನ್ನು ರಾಶಿಯ ಅಡಿಗೆ ತಳ್ಳುತ್ತಿದ್ದರು. ಬೇಕೆಂದೇ ತಡ ಮಾಡಿದರು. ಒಂದು ಮನೆ ಎರಡಾಗುವುದು ಅರ್ಜಿ ತುಂಬಿದಷ್ಟು ಸಲೀಸಲ್ಲ ಎಂದು ಅವರಿಗೆ ಗೊತ್ತಿತ್ತು.

ಇಪ್ಪತ್ತೇಳನೇ ದಿನ, ಊಟಕ್ಕೆ ಒಂದು ಗಂಟೆ ಮುಂಚೆ, ಯಾರಿಗೂ ಸುಳಿವು ಕೊಡದೆ ಓಣಿಗೆ ಹೊಕ್ಕರು. ಹಸಿರು ನಾಬಿನ ಒಲೆ ಯಾರದೋ ಜಗುಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಕೊನೆಯ ಮನೆಯಿಂದ ಏನೋ ಸೀದ ವಾಸನೆ. ಮುಂದಿನ ಕಿಟಕಿಯಿಂದ ಹೊಗೆ, ಹೊಗೆಯ ಹಿಂದೆ ಡ್ರೈವರನ ಕೆಮ್ಮು. ಒಲೆ ಮೇಡಂ ಅಲ್ಲಿ ನಿಲ್ಲದೆ ಪಕ್ಕದ ಸಂದಿಯಿಂದ ಸೀದಾ ಹಿಂದಿನ ಕೋಣೆಗೆ ಹೋದರು.

ಸೊಸೆ ಬಾಣಲೆಯಲ್ಲಿ ಏನೋ ಕೈಯಾಡಿಸುತ್ತಿದ್ದಳು. ಒಲೆ ಹಳೆಯದು, ಎಲ್ಲೋ ಗುಜರಿಯಲ್ಲಿ ಕೊಂಡದ್ದು, ಮೂಲೆಗೆ ತಗಡಿನ ತೇಪೆ. ಬರ್ನರಿನ ಸುತ್ತ ಹಾಲುಕ್ಕಿ ಕರಕಲಾದ ಕಲೆ. ಎರವಲು ಒಲೆಯ ಮೇಲೆ ಯಾರೂ ಹಾಲುಕ್ಕಿಸುವುದಿಲ್ಲ, ಉಕ್ಕಿದರೂ ಉಜ್ಜಿ ಕೊಡುತ್ತಾರೆ. ಒಲೆ ಮೇಡಂಗೆ ಆ ಕಲೆ ನೋಡಿ ಖುಷಿಯಾಯಿತು. ಆದರೂ ಕಸುಬು ಕಸುಬೇ.

"ಉಪ್ಪು ಎಲ್ಲಿದೆಯಮ್ಮ?"

ಸೊಸೆ ತಿರುಗಿಯೂ ನೋಡಲಿಲ್ಲ. ಬಲಗೈ ಎದೆಯೆತ್ತರಕ್ಕೆ ಹೋಯಿತು, ಹೊಸದಾಗಿ ಮೊಳೆ ಹೊಡೆದ ಹಲಗೆಯಿಂದ ಹಳೇ ಜಾಮ್ ಬಾಟಲಿ ಇಳಿಸಿತು. ಒಳಗೆ ತೇವಕ್ಕೆ ಗಟ್ಟಿಯಾದ ಉಪ್ಪು, ಅದರಲ್ಲಿ ಸಿಕ್ಕಿಕೊಂಡ ಚಮಚ. ಆಮೇಲಷ್ಟೇ ಯಾರು ಕೇಳಿದ್ದೆಂದು ನೋಡಿ, ಬಾಟಲಿ ಹಿಡಿದುಕೊಂಡೇ ನಿಂತಳು.

ಆಗ ಪರದೆ ಸರಿಯಿತು. ಈ ಸಲ ಸರ್ರನೆ ಅಲ್ಲ, ಕಳ್ಳ ಬೆಕ್ಕಿನ ಹಾಗೆ. ಡ್ರೈವರನ ಕೈಯಲ್ಲಿ ಒಂದು ಪುಟ್ಟ ಬಟ್ಟಲು, ಹಣೆಯ ಮೇಲೆ ಹಿಟ್ಟು.

"ಏನಮ್ಮ, ಒಂಚೂರು ಉಪ್ಪಿದ್ರೆ..." ಎಂದವನು ಒಲೆ ಮೇಡಂ ಅವರನ್ನು ಕಂಡು ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿದ.

"ಏನ್ರೀ, ಸಿಕ್ತಾ ಪಕ್ಕದ ಮನೇಲಿ?" ಎಂದು ಮುಂದಿನ ಕೋಣೆಯಿಂದ ಅವನ ಹೆಂಡತಿಯ ದನಿ ಕೇಳಿಸಿತು.

ಒಲೆ ಮೇಡಂ ಪೆನ್ನಿನ ಟೋಪಿ ತೆಗೆದರು.

"ಯಜಮಾನ್ರೇ, ನಿಮ್ಮನೇಲಿ ಉಪ್ಪಿಲ್ವಾ?"

"ಇದೆಯಂತೆ ಮೇಡಂ! ಎಲ್ಲಿದೆ ಅಂತ ಕೇಳಿದ್ರೆ ಹುಡುಕಿ ಅಂತಾಳೆ ನಮ್ಮ ಮನೆಯವಳು. ಮೊಣಕಾಲು ನೋವು, ಏಳೋಕಾಗಲ್ವಂತೆ. ಇವಳೋ, ಮೂರು ವಾರದಿಂದ ಆ ಕಡೆ ಕಾಲೇ ಹಾಕಿಲ್ಲ. ಆರು ಡಬ್ಬಿ ತೆಗೆದು ನೋಡ್ದೆ ಮೇಡಂ. ಒಂದರಲ್ಲಿ ಬಿಳೀ ಪುಡಿ ಇತ್ತು. ಹಾಕ್ದೆ. ಸಕ್ಕರೆ!"

ಒಳಗಿನ ದನಿ ಜೋರಾಗಿ ನಕ್ಕಿತು. ಒಲೆ ಮೇಡಂ ಬಗ್ಗಿ ನೋಡಿದರು. ಅತ್ತೆ ಕುರ್ಚಿಯಲ್ಲಿ ಕಾಲು ನೀಡಿಕೊಂಡು, ಮೊಮ್ಮಗಳ ಪಾಠದ ಪುಸ್ತಕವನ್ನೇ ಬೀಸಣಿಗೆ ಮಾಡಿಕೊಂಡು, ಹಾಯಾಗಿ ಕೂತಿದ್ದಳು.

"ನಲವತ್ತು ವರ್ಷ ಆ ಒಲೆ ಮುಂದೆ ನಿಂತ ಮೊಣಕಾಲು ಮೇಡಂ ಇದು," ಎಂದಳು. "ನಾನು ಬಿಟ್ಟಾಗ ಸೊಸೆ ನಿಂತಳು. ಸೊಸೆ ಬಿಟ್ಟಳು ಅಂತ ನಾನು ಮತ್ತೆ ನಿಲ್ಲಲಾ? ಸರದಿ ಅಂತ ಒಂದಿರುತ್ತಲ್ಲ."

"ಊಟ?"

"ಬೇಯುತ್ತೆ ಮೇಡಂ. ಮೊದಲ ವಾರ ತಿನ್ನೋ ಹಾಗಿರ್ಲಿಲ್ಲ. ಈಗ ಅರ್ಧ ತಿನ್ಬಹುದು. ಬಸ್ ಓಡಿಸೋದನ್ನೂ ಒಂದೇ ದಿನಕ್ಕೆ ಕಲ್ತಿರ್ಲಿಲ್ವಲ್ಲ ಇವರು."

ಸೊಸೆ ಮಾವನ ಬಟ್ಟಲಿಗೆ ಎರಡು ಚಮಚ ಉಪ್ಪು ಹಾಕಿದಳು. "ಒಂದೇ ಸಲ ಸುರೀಬೇಡಿ ಮಾವ. ರುಚಿ ನೋಡ್ಕೊಂಡು ಹಾಕಿ," ಎಂದಳು. ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ.

ಮಧ್ಯಾಹ್ನ ಸೂಪರಿಂಟೆಂಡೆಂಟು ವರದಿಯನ್ನು ಎರಡು ಸಲ ಓದಿದ. ಅದರಲ್ಲಿ ಹೀಗಿತ್ತು: 'ಅರ್ಜಿದಾರರ ಕೋಣೆಯಲ್ಲಿ ಬಳಕೆಯ ಒಲೆ ಇದೆ. ಬಲಗೈ ಎತ್ತರಕ್ಕೆ ಉಪ್ಪು ಇದೆ. ಪರಿಶೀಲನೆಯ ವೇಳೆ ಮುಂದಿನ ಮನೆಯವರು ಉಪ್ಪು ಕೇಳಿಕೊಂಡು ಬಂದದ್ದನ್ನು ಖುದ್ದಾಗಿ ಕಂಡಿದ್ದೇನೆ. ಇವು ಎರಡು ಮನೆಗಳು.'

"ಒಲೆ ಸರಿ ಮೇಡಂ. ಈ ಉಪ್ಪು ಯಾವ ನಿಯಮದಲ್ಲಿ ಬರುತ್ತೆ?"

"ಸರ್, ನಿಮ್ಮನೇಲಿ ಉಪ್ಪು ಎಲ್ಲಿದೆ?"

ಅವನು ನಕ್ಕ. ಹೇಳಲು ಬಾಯಿ ತೆರೆದ. ಫ್ಯಾನು ನೋಡಿದ. ಎಡಗೈ ಸ್ವಲ್ಪ ಎತ್ತಿ ಇಳಿಸಿದ, ಬಲಗೈ ಎತ್ತಿ ಇಳಿಸಿದ. ಫೋನು ತೆಗೆದುಕೊಂಡ. ಈ ಹೊತ್ತಿಗೆ ಹೆಂಡತಿಯೂ ಅವಳ ಕಚೇರಿಯಲ್ಲಿರುತ್ತಾಳೆ ಎಂಬುದು ನೆನಪಾಗಿ ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆಮೇಲೆ ಫೈಲನ್ನು ಹತ್ತಿರಕ್ಕೆಳೆದು, ಒಲೆ ಮೇಡಂ ಮುಖ ನೋಡದೆ, ಸಹಿ ಹಾಕಿದ.

ಶಾಯಿ ಒಣಗುವವರೆಗೂ ಕಾಯಲಿಲ್ಲ ಅವರು. ಫೈಲನ್ನು ಎತ್ತಿಕೊಂಡು, ಸಹಿಯನ್ನು ಊದುತ್ತಲೇ, ಕಾರ್ಡು ಮುದ್ರಿಸುವ ಕೋಣೆಯತ್ತ ದಾಪುಗಾಲು ಹಾಕಿದರು. ಐದನೇ ತಾರೀಖಿಗೆ ಇನ್ನೂ ನಾಲ್ಕು ದಿನವಿತ್ತು.