ಸಾಹೇಬರ ದನಿಯಲ್ಲಿ ತಿಂದ ಪೆಟ್ಟು

ಪುಣೆಯ ಯೆರವಡಾದಲ್ಲಿ ನಮ್ಮ ಅಪ್ಪನದೊಂದು ಸಣ್ಣ ಹೋಟೆಲಿದೆ. ನಾನು ಮಾತು ಕಲಿತದ್ದು ಅದರ ಗಲ್ಲಾದ ಪಕ್ಕದಲ್ಲಿ. ಪೆಟ್ಟು ತಿನ್ನಲು ಕಲಿತದ್ದೂ ಅಲ್ಲಿಯೇ. ಗಿರಾಕಿ ಹೇಗೆ ಸಾಂಬಾರು ಕೇಳುತ್ತಾನೋ ಹಾಗೆಯೇ ಅವನ ಬೆನ್ನ ಹಿಂದೆ ನಾನೂ ಕೇಳುತ್ತಿದ್ದೆ. ಒಮ್ಮೆ ಒಬ್ಬ ಪೊಲೀಸಪ್ಪನ ಕೆಮ್ಮನ್ನು ಅವನೆದುರಿಗೇ ಕೆಮ್ಮಿ ತೋರಿಸಿದೆ. ಪೊಲೀಸಪ್ಪ ನಕ್ಕ. ಅಪ್ಪ ನಗಲಿಲ್ಲ. "ಎಂತ ಮಂಗಾಟ ಮಾರಾಯ ನಿಂದು?" ಎಂದು ದೋಸೆ ಮಗುಚುವ ಸಟ್ಟುಗದಿಂದ ಬೆನ್ನಿಗೆ ಎರಡು ಬಾರಿಸಿದರು. ಸಟ್ಟುಗ ಬಿಸಿಯಾಗಿತ್ತು. ಆ ರಾತ್ರಿ ಬೋರಲು ಮಲಗಿಕೊಂಡೇ ಅಪ್ಪನ "ಎಂತ ಮಂಗಾಟ"ವನ್ನು ಅಭ್ಯಾಸ ಮಾಡಿದೆ.

ಇಂಥ ಪ್ರತಿಭಾವಂತ ಕೊನೆಗೆ ಆದದ್ದು ಸಾಫ್ಟ್‌ವೇರ್ ಎಂಜಿನಿಯರ್. ಯೆರವಡಾದಿಂದ ಐಟಿ ಕಂಪನಿಗಳಿರುವ ಹಿಂಜವಾಡಿಗೆ ದಿನಾ ಹೋಗಿ ಬಂದರೆ ಅರ್ಧ ಆಯುಷ್ಯ ಕಂಪನಿಯ ಕ್ಯಾಬಿನಲ್ಲೇ ಮುಗಿಯುತ್ತದೆಂದು ಅಲ್ಲೇ ಒಂದು ಫ್ಲ್ಯಾಟು ಹಿಡಿದೆ. ಜೊತೆಗಿದ್ದವನು ನನ್ನದೇ ಟೀಮಿನವನು, ಧಾರವಾಡದ ಕಡೆಯವನು, ನನಗಿಂತ ಆರು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣಾ ಎನ್ನುತ್ತಿದ್ದೆ. ಅವನು ನನ್ನನ್ನು ಏನೆನ್ನುತ್ತಿದ್ದನೋ ಅದರಲ್ಲಿ ಅಚ್ಚು ಮಾಡಬಹುದಾದದ್ದು 'ಮಂಗ್ಯಾನ ಮಗನ' ಎಂಬುದೊಂದೇ.

ಅಣ್ಣನಿಗೆ ಇದ್ದದ್ದು ಒಂದೇ ಹಟ: ಹೊರದೇಶದ ಯಾವುದಾದರೂ ಕಂಪನಿ ತಾನೇ ವೀಸಾ ಮಾಡಿಸಿ ತನ್ನನ್ನು ಕರೆಸಿಕೊಳ್ಳಬೇಕು. ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದ. ಎಲ್ಲ ಅರ್ಜಿಯಲ್ಲೂ ಒಂದು ಪ್ರಶ್ನೆ ಇರುತ್ತದೆ: ನಿಮಗೆ ವೀಸಾ ಸ್ಪಾನ್ಸರ್‌ಶಿಪ್ ಬೇಕೆ? ಹೌದು ಎಂದು ಒತ್ತಿದರೆ ಕೈಯಲ್ಲಿನ ಚಹಾ ಆರುವ ಮೊದಲೇ 'ವಿಷಾದಿಸುತ್ತೇವೆ' ಎಂಬ ಮೇಲ್ ಬರುತ್ತದೆ. ಪ್ರತಿ ವಿಷಾದಕ್ಕೂ ನಮ್ಮ ಮನೆಯ ಒಂದು ವಸ್ತು ಬಲಿ. ಬಚ್ಚಲ ಬಾಗಿಲಿಗೆ ಅವನ ಮುಷ್ಟಿಯ ಅಳತೆಯ ತೂತು ಬಿದ್ದಿತ್ತು. ಸ್ಟೀಲ್ ಲೋಟಗಳೆಲ್ಲ ನೆಲಕ್ಕೆ ಬಡಿಸಿಕೊಂಡು ಸೊಟ್ಟಗಾಗಿದ್ದವು. ನಾನು ಸುಮ್ಮನಿರಬಾರದೇ? ಆ ಮೇಲನ್ನು ಎಚ್‌ಆರ್ ಹೆಂಗಸಿನ ಸಕ್ಕರೆ ದನಿಯಲ್ಲಿ ಓದುತ್ತಿದ್ದೆ. ಚಪ್ಪಲಿ ಹಾರಿ ಬರುತ್ತಿತ್ತು. ನನಗೆ ಬಂದ ವಿಷಾದಗಳನ್ನೂ ಅದೇ ದನಿಯಲ್ಲಿ ಓದುತ್ತಿದ್ದೆನೆಂಬುದು ನನ್ನ ಪರವಾಗಿ ಹೇಳಬಹುದಾದ ಒಂದು ಮಾತು. ಹೌದು, ನಾನೂ ಅರ್ಜಿ ಹಾಕುತ್ತಿದ್ದೆ. ಯಾರಿಗೂ ಬೇಡವಾಗಿದ್ದೆ.

ಕಳೆದ ವರ್ಷ ನೆದರ್ಲೆಂಡ್ಸ್‌ನ ಒಂದು ಕಂಪನಿ ಅಣ್ಣನನ್ನು ನಾಲ್ಕು ಸುತ್ತು ಸಂದರ್ಶನ ಮಾಡಿ ಒಪ್ಪಿಕೊಂಡಿತು. ಉಳಿದದ್ದು ಒಂದೇ ಹೆಜ್ಜೆ. ಅವನ ಈಗಿನ ಮ್ಯಾನೇಜರ್ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತಾಡುತ್ತಾರೆ. ಎಲ್ಲ ಸರಿಯಿದ್ದರೆ ವೀಸಾ ಕೆಲಸ ಶುರು.

ನಮ್ಮಲ್ಲಿ ಖರೇ ಮ್ಯಾನೇಜರನ ನಂಬರನ್ನು ಯಾರೂ ಕೊಡುವುದಿಲ್ಲ. ಹುಡುಗ ಹೊರಡುತ್ತಾನೆಂಬ ವಾಸನೆ ಹತ್ತಿದ ದಿನವೇ ಒಳ್ಳೆಯ ಪ್ರಾಜೆಕ್ಟ್ ಕೈತಪ್ಪುತ್ತದೆ, ಬಡ್ತಿ ನಿಲ್ಲುತ್ತದೆ. ಆಮೇಲೆ ಹೊರದೇಶದ್ದೂ ಕೈಕೊಟ್ಟರೆ ಎರಡೂ ಇಲ್ಲ. ಆದ್ದರಿಂದ ಗೆಳೆಯನೊಬ್ಬ ಆ ಹತ್ತು ನಿಮಿಷ ಮ್ಯಾನೇಜರ್ ಆಗುತ್ತಾನೆ. ಆಫೀಸಿನ ನಮ್ಮ ಮಹಡಿಗೆಲ್ಲ ಆ ಗೆಳೆಯ ನಾನೇ. ನಮ್ಮ ಮ್ಯಾನೇಜರ್ ಸಾಹೇಬರು ಅಸಲಿ ಪುಣೇಕರ್: ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಂಡು 'ಬೇಸಿಕಲಿ' ಎನ್ನುತ್ತಾರೆ. ಅವರ ದನಿಯಲ್ಲಿ ನಾನಾಗಲೇ ಮೂವರನ್ನು ವಿಮಾನ ಹತ್ತಿಸಿದ್ದೆ.

ಬುಧವಾರ, ಮನೆಯಿಂದಲೇ ಕೆಲಸ ಮಾಡುವ ದಿನ, ಮಧ್ಯಾಹ್ನ ಊಟವಾದ ಮೇಲೆ ಕರೆ ಬರುವುದೆಂದು ಗೊತ್ತಾಗಿತ್ತು. ನನ್ನ ಎರಡನೇ ಸಿಮ್ಮಿನ ನಂಬರ್ ಕೊಟ್ಟಿದ್ದೆವು. ಅಣ್ಣ ನನ್ನ ಪಕ್ಕದಲ್ಲೇ ಕುರ್ಚಿ ಎಳೆದು ಕೂತ.

"ಹಲ್ಕಟ್‌ಗಿರಿ ಮಾಡಬ್ಯಾಡ. ಇದು ನನ್ನ ಜೀವನದ ಪ್ರಶ್ನಿ ಅದ."

"ಬೇಸಿಕಲಿ, ಚಿಂತೆ ಬಿಡು," ಎಂದೆ ಸಾಹೇಬರ ದನಿಯಲ್ಲಿ.

"ಹಲ್ಲು ಮುರಿತೀನಿ ನೋಡು."

ಕರೆ ಬಂತು. ಹೆಂಗಸು, ಮೆತ್ತನೆಯ ಇಂಗ್ಲಿಷು. ಅಣ್ಣನಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ. ಎಷ್ಟು ವರ್ಷದಿಂದ ಗೊತ್ತು, ಕೆಲಸ ಹೇಗೆ ಎಂದು ಕೇಳಿದಳು. ನಾನು ಹೊಗಳಿದೆ, ಸುಳ್ಳೇನಲ್ಲ. ಯಾರಿಗೂ ಸಿಗದ ತಪ್ಪನ್ನು ಅವನು ಕೋಡಿನಿಂದ ಹೇನು ಹೆಕ್ಕಿದ ಹಾಗೆ ಹೆಕ್ಕುತ್ತಾನೆ. ಅಣ್ಣನ ಮುಖ ಅರಳಿತು. ಆಗ ಅವಳು ಕೇಳಿದಳು: ಒತ್ತಡದಲ್ಲಿ ಹೇಗಿರುತ್ತಾನೆ?

'ಶಾಂತ' ಎಂಬ ಒಂದು ಶಬ್ದ ಸಾಕಿತ್ತು. ಆದರೆ ಸಾಹೇಬರು ನನ್ನೊಳಗೆ ಕಾಲ ಮೇಲೆ ಕಾಲು ಹಾಕಿ ಕೂತುಬಿಟ್ಟಿದ್ದರು. ಅವರೇನು ಹೇಳುತ್ತಿದ್ದರೋ ಅದೇ ಬಾಯಿಗೆ ಬಂತು. "ಬೇಸಿಕಲಿ, ಕೆಲಸದಲ್ಲಿ ಹುಲಿ. ಆದರೆ ಹುಲಿ ಅಂದ ಮೇಲೆ, ಬೇಸಿಕಲಿ, ಪಂಜಾ ಇರುತ್ತದೆ."

ತೊಡೆಯ ಮೇಲೆ ಮೊದಲ ಗುದ್ದು ಬಿತ್ತು. ಸಾಹೇಬರು ಕದಲಲಿಲ್ಲ.

"ಏನದು ಶಬ್ದ?" ಎಂದಳು.

"ಪಕ್ಕದಲ್ಲಿ ಕಟ್ಟಡದ ಕೆಲಸ, ಮೇಡಂ." ಹಿಂಜವಾಡಿಯಲ್ಲಿ ಇದು ಯಾವಾಗಲೂ ನಿಜ.

"ಪಂಜಾ ಎಂದರೆ? ಒಂದು ಉದಾಹರಣೆ ಕೊಡುತ್ತೀರಾ?"

ಅಣ್ಣ ನನ್ನ ಜುಟ್ಟು ಹಿಡಿದು ಅಡ್ಡಡ್ಡ ಅಲುಗಾಡಿಸಿದ, ಇಲ್ಲ ಅನ್ನು ಎಂಬಂತೆ. ಕಣ್ಣಲ್ಲಿ ನೀರು ಬಂತು. ಆದರೂ ಹೇಳಿದೆ. ಸರ್ವರ್ ಬಿದ್ದ ದಿನ ಅವನು ಕೀಬೋರ್ಡನ್ನು ಮೇಜಿನ ಅಂಚಿಗೆ ಅಪ್ಪಳಿಸಿದ್ದು, ಕೀಲಿಗಳು ಹುರಿದ ಜೋಳದ ಹಾಗೆ ಸಿಡಿದದ್ದು, ಒಂದು ಕೀಲಿ ಪಕ್ಕದವನ ಚಹಾದಲ್ಲಿ ಬಿದ್ದದ್ದು. ಆ ಪಕ್ಕದವ ನಾನೇ. ಸಾಹೇಬರ ದನಿ ಅಂದು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ನಿಲ್ಲಿಸಲು ಮನಸ್ಸಾಗಲಿಲ್ಲ. ಇಷ್ಟೇ ಎಂದರೆ ಅದೂ ನಟನೆಯಾದೀತು. ಅವನಿಗೆ ಸಿಕ್ಕದ್ದು ನನಗೆ ಸಿಕ್ಕಿಲ್ಲವೆಂಬ ಹೊಟ್ಟೆಕಿಚ್ಚೂ ಆ ಉತ್ತರದಲ್ಲಿತ್ತು.

ಅಣ್ಣ ನನ್ನ ಕುರ್ಚಿಗೆ ಒದ್ದ. ನಾನು ಹಿಂದಕ್ಕೆ ಬಿದ್ದೆ, ತಲೆ ನೆಲಕ್ಕೆ ಬಡಿಯಿತು. ಬಾಯಿಂದ "ಅಯ್ಯೋ ಅಣ್ಣಾ!" ಎಂದು ಹೊರಬಿದ್ದದ್ದು ನನ್ನದೇ ದನಿ. ಫೋನು ಮಂಚದ ಕೆಳಗೆ ಹೋಯಿತು. "ಹಲೋ? ಹಲೋ?" ಎಂದು ಅವಳು ಅಲ್ಲಿಂದ ಕೂಗಿ ಕೂಗಿ ಫೋನಿಟ್ಟಳು.

ಆಮೇಲೆ ನಡೆದದ್ದಕ್ಕೆ ಹೊಡೆದಾಟ ಎನ್ನುವುದು ದೊಡ್ಡ ಮಾತು. ಹೆಚ್ಚಿನ ಪಾಲು ಅವನೇ ಹೊಡೆದ. ಎದೆಯ ಮೇಲೆ ಕೂತು ಕೆನ್ನೆಗೆ, ಮೂಗಿಗೆ ಬಿಟ್ಟ. ಬಾಯಿ ತುಂಬ ರಕ್ತ. "ಎರಡು ವರ್ಷ ಲೇ! ಎರಡು ವರ್ಷ!" ಎನ್ನುತ್ತಿದ್ದ, ಒಂದೊಂದು ಏಟಿಗೂ. ನಾನು ಕೈಗೆ ಸಿಕ್ಕ ಕುಕ್ಕರಿನ ಮುಚ್ಚಳದಿಂದ ಅವನ ಕಿವಿಯ ಮೇಲೆ ಬಾರಿಸಿ ಜಾರಿಕೊಂಡು ಬಾಲ್ಕನಿಯ ಬಾಗಿಲಿಗೆ ಒರಗಿ ನಿಂತೆ. ಅವನು ಮುಷ್ಟಿ ಎತ್ತಿದ. ನಾನು ತಲೆ ತಗ್ಗಿಸಿದೆ. ಮುಷ್ಟಿ ಗಾಜಿನೊಳಗೆ ಹೋಯಿತು.

ಅವನು ಕೈಯನ್ನು ಹೊರಕ್ಕೆಳೆದ. ಮಣಿಕಟ್ಟಿನಿಂದ ರಕ್ತ ನಲ್ಲಿ ಬಿಟ್ಟಂತೆ ಸುರಿಯುತ್ತಿತ್ತು. ಟವೆಲ್ ಬಿಗಿಯಾಗಿ ಸುತ್ತಿ ರಿಕ್ಷಾ ಹಿಡಿದೆ. ರಿಕ್ಷಾದವ ನನ್ನ ಮೂಗನ್ನೂ ಅವನ ಕೈಯನ್ನೂ ನೋಡಿ, ಇಬ್ಬರಲ್ಲಿ ಪೇಷಂಟ್ ಯಾರೆಂದು ಮರಾಠಿಯಲ್ಲಿ ಕೇಳಿದ.

ಆಸ್ಪತ್ರೆಯಲ್ಲಿ ಡಾಕ್ಟರು, ಎರಡು ಸ್ನಾಯುರಜ್ಜು ಕತ್ತರಿಸಿಹೋಗಿವೆ, ಆರು ವಾರ ಬಲಗೈಯಲ್ಲಿ ಕೆಲಸವಿಲ್ಲ ಎಂದು ಹೊಲಿಗೆ ಹಾಕಿದರು. ನನ್ನ ತುಟಿಗೂ ಎರಡು ಹೊಲಿಗೆ. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ನನ್ನ ಎರಡನೇ ನಂಬರಿಗೆ ಮತ್ತೆ ಕರೆ ಬಂತು. ಅವಳೇ.

"ಎತ್ತು," ಎಂದ ಅಣ್ಣ.

"ಯಾರ ದನ್ಯಾಗ?"

"ನಿನ್ನ ದನ್ಯಾಗ, ಮಂಗ್ಯಾನ ಮಗನ. ಖರೇ ಹೇಳು."

ಊದಿದ ತುಟಿಯಲ್ಲಿ ಹೇಳಿದೆ. ನಾನು ಮ್ಯಾನೇಜರ್ ಅಲ್ಲ, ಇವನ ಜೊತೆಗಾರ. ಹೊಗಳಿದ್ದು ನಿಜ, ಕೀಬೋರ್ಡಿನ ಕತೆಯೂ ನಿಜ, ಆ ಶಬ್ದ ಕಟ್ಟಡದ ಕೆಲಸದ್ದೆಂಬುದು ಸುಳ್ಳು. ಈಗ ಆಸ್ಪತ್ರೆಯಲ್ಲಿದ್ದೇವೆ. ಅವಳು ಮೊದಲು ನಮ್ಮಿಬ್ಬರ ಗಾಯ ವಿಚಾರಿಸಿದಳು. ಆಮೇಲೆ ಹೇಳಿದಳು: ವೀಸಾ ಕೊಡಿಸುವುದೆಂದರೆ ಇವನಿಗೆ ನಾವು ಹೊಣೆ ಎಂದು ನಮ್ಮ ಸರಕಾರಕ್ಕೆ ಬರೆದುಕೊಡುವುದು, ಇನ್ನು ಅದು ಸಾಧ್ಯವಿಲ್ಲ. ಫೋನಿಟ್ಟಳು.

ಅಣ್ಣ ಎಡಗೈ ಎತ್ತಿದ. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅವನು ಆ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ಹೊಡಿ ಅಣ್ಣಾ," ಎಂದೆ.

"ಎಡಗೈಲೆ ಹೊಡದ್ರ ಸಮಾಧಾನ ಆಗೂದಿಲ್ಲಲೇ. ಹೊಲಿಗಿ ಬಿಚ್ಚಲಿ, ತಡಿ."

ಮರುವಾರದಿಂದ ಅವನ ಅರ್ಜಿಗಳನ್ನು ನಾನು ಟೈಪ್ ಮಾಡತೊಡಗಿದೆ. ಅವನು ಹಿಂದೆ ನಿಂತು ಹೇಳುತ್ತಾನೆ. ಅಕ್ಷರ ತಪ್ಪಿದರೆ ಎಡಗೈಯಿಂದ ತಲೆಗೆ ಒಂದು ಬೀಳುತ್ತದೆ. ಮೊದಲ ದಿನ, ಜರ್ಮನಿಯ ಒಂದು ಕಂಪನಿಯ ಅರ್ಜಿ. ಸ್ಪಾನ್ಸರ್‌ಶಿಪ್ ಬೇಕೆ? ಹೌದು. ಕೆಳಗೆ ಮ್ಯಾನೇಜರನ ನಂಬರಿನ ಜಾಗ. ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಸಾಹೇಬರದು ಹಾಕು," ಎಂದ.

"ಖರೇ ಸಾಹೇಬರದಾ? ಪ್ರಾಜೆಕ್ಟಿನಿಂದ ತೆಗದು ಒಗಿತಾರಲ್ಲ ಅಣ್ಣಾ."

"ಒಗೀಲಿ. ನಾಳೆ ಮುಂಜಾನೆ ನಾನಽ ಹೋಗಿ ಹೇಳ್ತೀನಿ. ನೀನೂ ಬರಬೇಕು, ನೀ ಎಷ್ಟು ಸಲ ಸಾಹೇಬ್ರ ದನ್ಯಾಗ ಮಾತಾಡೀದಿ ಅಂತ ನೀನಽ ಹೇಳಬೇಕು."

ನಂಬರ್ ಒತ್ತುವಾಗ ಒಂದು ಅಂಕಿ ತಪ್ಪಾಯಿತು. ತಲೆಗೆ ಬಿತ್ತು. ಅಳಿಸಿ ಸರಿಯಾಗಿ ಒತ್ತಿದೆ.