ಖಾಲಿ ಹಾಳೆಯ ಮೇಲೆ ಅತ್ತಿಗೆಯ ಸಹಿ

ಹೊಳೆನರಸೀಪುರದ ಕಾಲೇಜೊಂದರಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು. ಅರಕಲಗೂಡು ಬಸ್ಸಿನಲ್ಲಿ ನಿಂತುಕೊಂಡೇ ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ವರ್ಷವರ್ಷವೂ ಖುಷಿಯಿಂದ ಮಾಡುವ ಪಾಠವೊಂದಿದೆ: ನೂರು ವರ್ಷದ ಹಿಂದೆ ಅಮೆರಿಕದಲ್ಲಿ ನಡೆದ ಸುಧಾರಣೆ. ಗಿರಣಿಗಳಿಂದ ಮಕ್ಕಳನ್ನು ಬಿಡಿಸಲು ಹೋರಾಡಿದ್ದು, ಪುಢಾರಿಗಳ ಕೈಯಿಂದ ನಗರಸಭೆಗಳನ್ನು ಕಿತ್ತುಕೊಳ್ಳಲು ನೋಡಿದ್ದು, ಹೆಂಗಸರು ಹೆಂಡದಂಗಡಿಗಳ ಮೇಲೆ ತಿರುಗಿಬಿದ್ದದ್ದು, ಕಡೆಗೆ ವೋಟನ್ನೂ ಪಡೆದದ್ದು. ಊರಿಗೆ ಹೋದಾಗ ಮನೆಯಲ್ಲೂ ಇದನ್ನೇ ಹೇಳುತ್ತಿರುತ್ತೇನೆ.

ನಮ್ಮೂರಲ್ಲಿ ಅತ್ತಿಗೆ ಗ್ರಾಮ ಪಂಚಾಯಿತಿ ಸದಸ್ಯೆ. ಮಹಿಳಾ ಮೀಸಲು ಬಂತು, ಅಣ್ಣ ಅವಳನ್ನು ಚುನಾವಣೆಗೆ ನಿಲ್ಲಿಸಿದ, ಗೆದ್ದಳು. ಹೆಬ್ಬೆಟ್ಟು ಒತ್ತುತ್ತಿದ್ದವಳಿಗೆ ಸಹಿ ಕಲಿಸಿದ್ದು ನಾನು. ಹೋದಲ್ಲೆಲ್ಲ ಹೇಳಿಕೊಂಡೂ ಬಂದಿದ್ದೆ. ಆದರೆ ಸಭೆಗೆ ಹೋಗುವವನು ಅಣ್ಣ. ಊರವರು 'ಮೆಂಬ್ರು' ಎಂದು ಕರೆಯುವುದೂ ಅವನನ್ನೇ. ಸಭೆ ಮುಗಿದ ಮೇಲೆ ಜವಾನ ನಡಾವಳಿ ಪುಸ್ತಕವನ್ನು ಮನೆಗೆ ತರುತ್ತಾನೆ, ಅತ್ತಿಗೆ ಖಾಲಿ ಹಾಳೆಯ ಕೆಳಗೆ ಸಹಿ ಹಾಕುತ್ತಾಳೆ. ಮೇಲಿನದನ್ನು ಆಮೇಲೆ ಬರೆದುಕೊಳ್ಳುತ್ತಾರೆ. ನಮ್ಮ ಕಡೆ ಅದೇ ಪದ್ಧತಿ.

ಅತ್ತಿಗೆಗೆ ಇದ್ದದ್ದು ಒಂದೇ ಆಸೆ. ಶಾಲೆ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬೆಳಿಗ್ಗೆಯಿಂದಲೇ ಹೆಂಡದ ಪ್ಯಾಕೆಟ್ ಮಾರುತ್ತಾರೆ, ಕುಡಿದವರು ಶಾಲೆಯ ಜಗಲಿಯ ಮೇಲೇ ಬಿದ್ದಿರುತ್ತಾರೆ. ಅವಳ ಮಗಳು ಹಿಂದಿನ ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಶಾಲೆಗೆ ಹೋಗುತ್ತಾಳೆ. ಅಂಗಡಿ ಎತ್ತಿಸಬೇಕೆಂದು ಪುಸ್ತಕದಲ್ಲಿ ಬರೆಸು ಎಂದು ಅಣ್ಣನ ಹತ್ತಿರ ಎಷ್ಟೋ ಸಲ ಹೇಳಿದಳು. ಅವನು ಹೂಂ ಎಂದ.

ಒಂದು ದಿನ ಫೋನು ಮಾಡಿದಳು. "ಇವತ್ತು ಪುಸ್ತಕ ಬತ್ತದಂತೆ. ಬಂದು ವಸಿ ಓದ್ಬುಡು ಕಣವ್ವ."

"ಕ್ಲಾಸಿದೆ ಅತ್ತಿಗೆ. ಅಣ್ಣನ್ನ ಕೇಳಿ ಸೈನ್ ಹಾಕು" ಎಂದುಬಿಟ್ಟೆ. ಅವತ್ತು ಮಾಡಿದ್ದು ಅದೇ ಅಮೆರಿಕದ ಪಾಠ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮುಂದಿನ ತಿಂಗಳು ಪುಸ್ತಕ ಬಂದಾಗ ನಾನು ಊರಿನ ಮನೆಯಲ್ಲೇ ಇದ್ದೆ. ಹಿಂದಿನ ತಿಂಗಳ ಪುಟ ತಿರುಗಿಸಿ ಗಟ್ಟಿಯಾಗಿ ಓದಿದೆ. ಬೀದಿ ದೀಪ, ಮೋರಿ ರಿಪೇರಿ. "ಬೇರೆ ಯಾವುದೇ ವಿಷಯಗಳಿಲ್ಲದ ಕಾರಣ ಸಭೆಯನ್ನು ಮುಕ್ತಾಯಗೊಳಿಸಲಾಯಿತು." ಅದರ ಕೆಳಗೆ, ನಾನು ಕಲಿಸಿದ ಸಹಿ.

"ಬ್ಯಾರೆ ವಿಷ್ಯನೇ ಇಲ್ವಂತಾ?" ಅತ್ತಿಗೆ ಕೇಳಿದಳು.

"ಅಂಗಡಿಯವ್ನ ಕಡೆ ವೋಟೆಲ್ಲಾ ನಮ್ಗೇ ಬಿದ್ದಿರೋದು, ಸುಮ್ಕಿರು" ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಲೇ, ನಿನ್ನ ಅಮೆರಿಕಾನ ಕಾಲೇಜಲ್ಲೇ ಮಡಿಕ್ಕೊ ಕಣೆ!"

ಆ ತಿಂಗಳ ಹಾಳೆಯೂ ಖಾಲಿಯಾಗಿತ್ತು. ಅತ್ತಿಗೆ ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ಜವಾನನ ಕೈಗಿಟ್ಟಳು. "ಅಂಗಡಿ ವಿಷ್ಯ ಬರ್ಕಂಡ್ ಬಾ ಓಗಪ್ಪ. ಆಮ್ಯಾಕೆ ಸೈನು."

ಜವಾನ ಅವಳನ್ನಲ್ಲ, ಅಣ್ಣನ ಮುಖ ನೋಡಿದ. "ಏನ್ ಮಾಡ್ಲಿ ಮೆಂಬ್ರೆ?"

"ತಗಂಡೋಗು. ನಾನ್ ನೋಡ್ಕತೀನಿ."

ಅವನು ಏನು ನೋಡಿಕೊಂಡನೋ ಗೊತ್ತಿಲ್ಲ. ಅತ್ತಿಗೆಯ ಸಹಿ ಇಲ್ಲದೆಯೂ ಸಭೆ ನಡೆಯುತ್ತದೆ, ಉಳಿದ ಸದಸ್ಯೆಯರ ಸಹಿ ಇದ್ದೇ ಇದೆ. ಅಂಗಡಿ ತೆರೆದೇ ಇದೆ. ಮೊನ್ನೆ ಅತ್ತಿಗೆಯ ಫೋನು ಬಂತು.

"ಪುಸ್ತಕ ಇನ್ನೂ ಬರ್ನಿಲ್ಲ ಕಣವ್ವ. ಬಂದ್ರೆ ಏಳ್ತೀನಿ, ಪಾಠ ಬುಟ್ಬುಟ್ಟು ಬಾ."

ಬರುತ್ತೇನೆ ಎಂದಿದ್ದೇನೆ.