ಗಿರಿಜಕ್ಕನ ಬಿಳಿ ಚೀಟಿಗಳು

ಮಾಡದ ಪರೀಕ್ಷೆಯನ್ನು ಮಾಡಿದ್ದೇನೆಂದು ಬರೆದು ಸಹಿ ಹಾಕಿದೆ. ಅದರಿಂದ ಒಬ್ಬ ಹೆಂಗಸಿನ ಮೇಲೆ ಕಳ್ಳತನದ ಆರೋಪ ಬಂದಾಗ, ಎದುರಿಗೇ ಕುಳಿತು ಸುಳ್ಳು ಹೇಳಿದೆ. ಆರು ವರ್ಷವಾಯಿತು. ಹೇಳಬೇಕಾಗಿದ್ದದ್ದು ಇಷ್ಟೇ — ಎರಡು ವಾಕ್ಯ.

ಅಂಗಡಿಗಳ ಕಾರ್ಡ್ ಯಂತ್ರಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ನನ್ನ ಕೆಲಸ. ಕಂಪನಿಗಳು ನೌಕರರಿಗೆ, ನಿವೃತ್ತರಿಗೆ ಕೊಡುವ ಆರೋಗ್ಯ ಕಾರ್ಡಿನ ಯಂತ್ರ. ಆ ಕಾರ್ಡಿನಲ್ಲಿ ಔಷಧ ಕೊಳ್ಳಬಹುದು, ಸೋಪು ಬಿಸ್ಕತ್ತು ಕೊಳ್ಳುವಂತಿಲ್ಲ. ಇನ್ಸುಲಿನ್ನೂ ಸೋಪೂ ಒಂದೇ ಬಿಲ್ಲಿನಲ್ಲಿದ್ದರೆ ಯಂತ್ರ ಇನ್ಸುಲಿನ್‌ಗೆ ಒಪ್ಪಿಗೆ ಕೊಟ್ಟು, ಸೋಪನ್ನು ಮಾತ್ರ ಬೇರೆ ಮಾಡಬೇಕು. ಇದಕ್ಕೆ ಮಿಶ್ರ ಬಿಲ್ಲಿನ ಪರೀಕ್ಷೆ ಎನ್ನುತ್ತೇವೆ. ಪ್ರತಿ ಪರೀಕ್ಷೆಗೂ ಯಂತ್ರದಿಂದ ಬಂದ ಚೀಟಿಯನ್ನು ವರದಿಗೆ ಅಂಟಿಸಬೇಕು. ಆ ಕಾಗದದ ಅಕ್ಷರ ಶಾಯಿಯದಲ್ಲ, ಬಿಸಿಗೆ ಮೂಡುವಂಥದು. ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ, ಬೆಚ್ಚಗಿನ ಜಾಗದಲ್ಲಿಟ್ಟರೆ ಇನ್ನೂ ಬೇಗ. ಆದ್ದರಿಂದ ಅಂದೇ ಜೆರಾಕ್ಸ್ ಮಾಡಿಸಿ, ಜೆರಾಕ್ಸನ್ನೇ ಅಂಟಿಸುವುದು ನಮ್ಮಲ್ಲಿ ರೂಢಿ.

ಬಸವೇಶ್ವರನಗರದ ಒಂದು ಮೆಡಿಕಲ್ ಸ್ಟೋರ್. ಕೌಂಟರಿನಲ್ಲಿ ಗಿರಿಜಕ್ಕ — ಹನ್ನೊಂದು ವರ್ಷದಿಂದ ಅಲ್ಲೇ ಇದ್ದವರು, ಹಣೆಗೆ ವಿಭೂತಿ, ಕಿವಿಯ ಹಿಂದೆ ಪೆನ್ನು. ಸಂಜೆ ಐದಕ್ಕೆ ಕಾರ್ಡು ಕಂಪನಿಯ ಪರೀಕ್ಷಾ ಸಂಪರ್ಕ ಮುಚ್ಚುತ್ತದೆ. ನಾಲ್ಕೂ ಮುಕ್ಕಾಲಾಗಿತ್ತು. ಮಿಶ್ರ ಬಿಲ್ಲಿನ ಪರೀಕ್ಷೆಯೊಂದೇ ಉಳಿದಿತ್ತು.

"ಸಾರ್, ನೀವು ಕಾಫಿಗೆ ಹೋದಾಗ ನಿಮ್ಮ ಟೆಸ್ಟ್ ಕಾರ್ಡಲ್ಲಿ ನಾನೇ ಹಾಕ್ ನೋಡ್ದೆ. ಸೋಪು ಸೇರಿಸಿದ್ರೆ ಪೂರ್ತಿ ಬಿಲ್ಲೇ ಬೇಡ ಅನ್ನತ್ತೆ ಇದು."

"ನಿಮ್ಮನ್ನ ನೋಡಿ ಹೆದರ್ಕೊಂಡಿರ್ಬೇಕು ಬಿಡಿ ಅಕ್ಕ."

"ನಮ್ಮ ಮನೆಯವ್ರೇ ಹೆದರಲ್ಲ, ಇದೇನ್ ಹೆದರತ್ತೆ." ನಕ್ಕರು. "ಇನ್ನೊಂದ್ಸಲ ನೋಡ್ಬಿಡಿ ಸಾರ್."

ನೋಡಲಿಲ್ಲ. ಹಿಂದಿನ ದಿನ ರಾಜಾಜಿನಗರದ ಅಂಗಡಿಯೊಂದರಲ್ಲಿ ಇದೇ ಮಾದರಿಯ ಯಂತ್ರ ಆ ಪರೀಕ್ಷೆಯಲ್ಲಿ ಪಾಸಾಗಿತ್ತು, ಚೀಟಿ ಚೀಲದಲ್ಲಿತ್ತು. ಯಂತ್ರ ಒಂದೇ ಆದರೂ ಎರಡು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ ಬೇರೆ — ಅದು ನನಗೆ ಗೊತ್ತಿತ್ತು. ಆ ಚೀಟಿಯ ಮೇಲ್ಭಾಗದ ಅಂಗಡಿ ಹೆಸರು, ದಿನಾಂಕದ ಮೇಲೆ ಬಿಳಿ ಕಾಗದದ ಪಟ್ಟಿಯಿಟ್ಟು ಜೆರಾಕ್ಸ್ ಮಾಡಿಸಿದೆ. ಅಂಟಿಸಿದೆ. ಸಹಿ ಹಾಕಿದೆ.

ಪ್ರಮಾಣಪತ್ರ ಅಂಗಡಿಯ ಗಾಜಿನ ಮೇಲೆ ಬಂತು. ಯಂತ್ರ ಮಾತ್ರ ಮಿಶ್ರ ಬಿಲ್ಲನ್ನು ಬೇಡ ಎನ್ನುತ್ತಲೇ ಇತ್ತು. ಮುಂದೆ ನಿಂತ ವಯಸ್ಸಾದವರನ್ನು ಬರಿಗೈಲಿ ಕಳಿಸಲಾರದೆ ಗಿರಿಜಕ್ಕ ಒಂದು ದಾರಿ ಹುಡುಕಿಕೊಂಡರು: ಬಿಲ್ಲು ಒಡೆದು, ಔಷಧವನ್ನು ಕಾರ್ಡಿಗೆ, ಸೋಪನ್ನು ನಗದಿಗೆ ಹಾಕುವುದು. ಎಂಟು ತಿಂಗಳು ಹೀಗೆ ನಡೆಯಿತು. ಕಾರ್ಡು ಕಂಪನಿಯ ತಪಾಸಣೆಯಲ್ಲಿ ಇದು ಕಣ್ಣಿಗೆ ಬಿತ್ತು — ಮೊದಲು ತಿರಸ್ಕಾರಗೊಂಡ ಬಿಲ್ಲು, ಮರುನಿಮಿಷ ಸೋಪು ಮಾಯವಾದ ಇನ್ನೊಂದು ಬಿಲ್ಲು. ಸೋಪನ್ನು ಔಷಧದ ಹೆಸರಿನಲ್ಲಿ ದಾಟಿಸುವವರು ಮಾಡುವುದೂ ಹೀಗೆಯೇ. ಯಂತ್ರ ಸರಿಯಿರುವಾಗ ಬಿಲ್ಲು ಒಡೆದದ್ದೇಕೆ? ನ್ಯಾಯವಾದ ಪ್ರಶ್ನೆ. ಸರಿಯಿದೆ ಎಂದು ಬರೆದವನು ನಾನು.

ಗಿರಿಜಕ್ಕ ಕಾರ್ಡಿನ ಹಣ ಕದ್ದರೆಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಚಾರಣೆ. ಮಾಲೀಕರು, ಕಂಪನಿಯ ಅಧಿಕಾರಿ, ಫೈಲು ಹಿಡಿದ ನಾನು. ಗಿರಿಜಕ್ಕ ನಿಂತೇ ಇದ್ದರು. ಕೈಯಲ್ಲಿ ಮಾತ್ರೆಯ ಹಳೆಯ ಡಬ್ಬ, ಅದರೊಳಗೆ ಚೀಟಿಗಳು. ಯಂತ್ರ ಬೇಡ ಎಂದ ಪ್ರತಿ ಚೀಟಿಯನ್ನೂ ರಬ್ಬರ್‌ಬ್ಯಾಂಡ್ ಹಾಕಿ, ಔಷಧದ ಫ್ರಿಜ್ಜಿನ ಬೆಚ್ಚನೆಯ ತಲೆಯ ಮೇಲೆ ಎತ್ತಿಟ್ಟಿದ್ದರಂತೆ. ಬಿಚ್ಚಿದರು.

ಎಲ್ಲ ಬಿಳಿ.

ತಿರುಗಿಸಿ ನೋಡಿದರು. ಹಿಂಬದಿಯೂ ಬಿಳಿ. ಒಂದೊಂದನ್ನೇ ಟ್ಯೂಬ್‌ಲೈಟಿಗೆ ಹಿಡಿದರು. "ಇದ್ವು ಸಾರ್. ಎಲ್ಲದ್ರಲ್ಲೂ ಬರ್ದಿತ್ತು."

ಮೇಜಿನ ಮೇಲಿದ್ದ ನನ್ನ ಜೆರಾಕ್ಸ್ ಅಚ್ಚ ಕಪ್ಪಾಗಿತ್ತು.

"ಬನ್ನಿ, ಈಗ್ಲೇ ಹಾಕ್ ತೋರಿಸ್ತೀನಿ," ಎಂದರು ಗಿರಿಜಕ್ಕ. ಅಧಿಕಾರಿ ನನ್ನತ್ತ ತಿರುಗಿದರು. ಆಕೆಯೂ ನೋಡಿದರು — ಬೇಡುವ ನೋಟವಲ್ಲ; ಗೊತ್ತಿರುವ ಸಾಕ್ಷಿ ಬಾಯಿ ಬಿಡಲೆಂದು ಕಾಯುವ ನೋಟ. ಐದು ಹೆಜ್ಜೆಯಾಚೆ ಯಂತ್ರ. ಒಂದು ಸೋಪು, ಒಂದು ಮಾತ್ರೆಯ ಪಟ್ಟಿ ಸಾಕಿತ್ತು, ಆದರೆ —

"ಮಿಷನ್ ಸರಿ ಇದೆ. ನೋಡೋ ಅಗತ್ಯ ಇಲ್ಲ," ಎಂದೆ.

ಅಂದೇ ಅವರನ್ನು ಕೆಲಸದಿಂದ ತೆಗೆದರು. ಮಾತು ಹಬ್ಬಿತು, ಆ ರಸ್ತೆಯ ಬೇರೆ ಮೆಡಿಕಲ್‌ನವರೂ ಸೇರಿಸಿಕೊಳ್ಳಲಿಲ್ಲ. ಮುಂದಿನ ತಿಂಗಳು ಅಂಗಡಿಯ ಸಾಫ್ಟ್‌ವೇರ್ ಬದಲಾಯಿತು, ದೋಷವೂ ಅದರೊಂದಿಗೇ ಹೋಯಿತು. ಇತ್ತು ಎನ್ನುವುದಕ್ಕೆ ನನ್ನ ಬಾಯೊಂದೇ ಉಳಿಯಿತು. ಅದು ಆರು ವರ್ಷ ಮುಚ್ಚಿಕೊಂಡಿತ್ತು.

ಮೊನ್ನೆ ವಿಳಾಸ ಹುಡುಕಿ ಮಲ್ಲತ್ತಹಳ್ಳಿಗೆ ಹೋದೆ. ಗಿರಿಜಕ್ಕ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಮಾರುತ್ತಾರೆ. ಎಲ್ಲ ಹೇಳಿದೆ. ತಟ್ಟುವುದನ್ನು ನಿಲ್ಲಿಸದೆ ಕೇಳಿದರು.

"ನನಗ್ಯಾಕ್ ಹೇಳ್ತೀರಿ ಸಾರ್? ಮಿಷನ್ ಕೆಟ್ಟಿತ್ತು ಅಂತ ನನಗ್ ಗೊತ್ತೇ ಇತ್ತಲ್ಲ. ಗೊತ್ತಿಲ್ದೋರಿಗೆ ಹೇಳಿ."

ಹೊರಟೆ. ಮಾಲೀಕರು ಅಂಗಡಿ ಮಾರಿ ಊರು ಬಿಟ್ಟಿದ್ದರು. ಫೋನಿನಲ್ಲಿ, "ಈಗ್ಯಾಕ್ರೀ ಅದೆಲ್ಲ," ಎಂದು ಇಟ್ಟುಬಿಟ್ಟರು. ಕಾರ್ಡು ಕಂಪನಿಗೆ ಬರೆದೆ — ಅಷ್ಟು ಹಳೆಯ ಫೈಲುಗಳನ್ನು ವಿಲೇವಾರಿ ಮಾಡಲಾಗಿದೆ, ತಾವು ಹೇಳುವ ಪ್ರಕರಣ ದಾಖಲೆಯಲ್ಲಿಲ್ಲ ಎಂದು ಉತ್ತರ ಬಂತು. ನನ್ನ ಸುಳ್ಳೂ ಈಗ ಎಲ್ಲಿಯೂ ಇಲ್ಲ. ತಿದ್ದೋಣವೆಂದರೆ ತಿದ್ದಲು ಕಾಗದವಿಲ್ಲ.

ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮತ್ತೆ ಮಲ್ಲತ್ತಹಳ್ಳಿಗೆ ಒಯ್ದೆ. ಗಿರಿಜಕ್ಕ ಎರಡು ಸಲ ಓದಿದರು. ಹಿಟ್ಟಿನ ಹೆಬ್ಬೆರಳಿನಿಂದ ಒಂದು ಸಾಲನ್ನು ಉಜ್ಜಿ ನೋಡಿದರು.

"ಇದು ಅಳಿಸ್ ಹೋಗಲ್ಲ ತಾನೇ?"

"ಇಲ್ಲ ಅಕ್ಕ."

"ಇರ್ಲಿ. ಯಾರಿಗೆ ತೋರಿಸ್ಲಿ ಸಾರ್ ಇದನ್ನ?"

ಗೊತ್ತಿಲ್ಲದವರೆಂದು ನನಗೆ ಉಳಿದಿರುವುದು ಇದನ್ನು ಓದುತ್ತಿರುವ ನೀವು. ಆ ಯಂತ್ರ ಸರಿ ಇರಲಿಲ್ಲ. ಗಿರಿಜಕ್ಕ ಏನನ್ನೂ ಕದ್ದಿರಲಿಲ್ಲ.